ಮೊದಲು ಕೈ, ಆಮೇಲೆ ಊಹೆ, ಕೊನೆಗೆ ಪರದೆ: ಒಂದು ವಿದ್ಯುತ್ ಪಾಠದ ಅನುಭವ

ಬಿ.ಎಡ್. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿ, ಕನ್ನಡ ಮಾಧ್ಯಮ, ವಿಜ್ಞಾನ. ಪಾಠ ವಿದ್ಯುಚ್ಛಕ್ತಿ. ಶಾಲೆಯಲ್ಲಿ ಪ್ರೊಜೆಕ್ಟರ್ ಇತ್ತು. ಪಾಠ ಯೋಜನೆಯಲ್ಲಿ ತಂತ್ರಜ್ಞಾನ ಇರಲಿ ಅಂತ ಕಾಲೇಜಿನಲ್ಲೂ ಹೇಳಿದ್ದರು. ಅದನ್ನು ಪೀರಿಯಡ್ಡಿನ ಯಾವ ಹೊತ್ತಿನಲ್ಲಿ ಆನ್ ಮಾಡಬೇಕು ಅನ್ನುವುದೇ ನನ್ನ ತಲೆಯಲ್ಲಿದ್ದ ಪ್ರಶ್ನೆ.

ವಿದ್ಯುತ್ ಪಾಠದ ಕಷ್ಟ ನಿಮಗೂ ಗೊತ್ತಿರುತ್ತದೆ. ತಂತಿಯೊಳಗೆ ಏನು ನಡೆಯುತ್ತದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಮಕ್ಕಳು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ. ಬಲ್ಬು ಕರೆಂಟನ್ನು ಸ್ವಲ್ಪ ಖರ್ಚು ಮಾಡಿಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ ಅನ್ನುವ ನಂಬಿಕೆ ತರಗತಿಯಲ್ಲಿ ತುಂಬ ಜನರಿಗೆ ಇತ್ತು. ಇದು ದಡ್ಡತನವಲ್ಲ. ಬಲ್ಬು ಉರಿಯುತ್ತದೆ, ಸೆಲ್ಲು ಖಾಲಿಯಾಗುತ್ತದೆ, ಏನೋ ಖರ್ಚಾಗಲೇಬೇಕಲ್ವಾ? ಖರ್ಚಾಗುವುದು ಶಕ್ತಿ, ಪ್ರವಾಹ ಹಾಗೇ ಇರುತ್ತದೆ ಅಂತ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ. ನಂಬಿಕೆ ಮಾತ್ರ ಅಲ್ಲೇ ಕೂತಿರುತ್ತದೆ.

ಅದಕ್ಕೇ ಶುರು ಮಾಡಿದ್ದು ನಿಜವಾದ ಸಾಮಾನಿನಿಂದ. ಟಾರ್ಚ್ ಸೆಲ್ಲು, ಚಿಕ್ಕ ಬಲ್ಬು, ತಂತಿ, ಪ್ರವಾಹ ಅಳೆಯುವ ಪ್ರಯೋಗಾಲಯದ ಅಮ್ಮೀಟರ್. ಗುಂಪು ಗುಂಪಾಗಿ ಮಂಡಲ ಜೋಡಿಸಿದರು. ಬಲ್ಬಿಗೆ ಮೊದಲು ಅಮ್ಮೀಟರ್ ಇಟ್ಟು ಅಳತೆ ಬರೆದರು. ಅದನ್ನೇ ಬಲ್ಬಿನ ಆಚೆಗೆ ಇಡುವ ಮೊದಲು ನಾನು ನಿಲ್ಲಿಸಿದೆ. "ಈಗ ಮುಳ್ಳು ಎಲ್ಲಿ ನಿಲ್ಲುತ್ತೆ? ಜಾಸ್ತಿ, ಕಡಿಮೆ, ಅಷ್ಟೇ?" ಕೈ ಎತ್ತಿಸಿದೆ. ಹೆಚ್ಚಿನ ಕೈಗಳು "ಕಡಿಮೆ" ಕಡೆಗೆ. ಪಕ್ಕದವರ ಜೊತೆ ಮಾತಾಡಿ ಮತ್ತೆ ಹೇಳಿ ಅಂದೆ. ಹೀಗೆ ಮತ ಹಾಕಿಸಿ, ಅಕ್ಕಪಕ್ಕ ವಾದ ಮಾಡಿಸಿ, ಮತ್ತೆ ಮತ ಹಾಕಿಸುವ ಪದ್ಧತಿಯನ್ನು ಬೆಳೆಸಿದವರು ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್. ಕೈ ಎತ್ತಿದರೆ ಸಾಕು, ಅದಕ್ಕೆ ಯಾವ ಯಂತ್ರವೂ ಬೇಡ.

ಮುಳ್ಳು ಅಲ್ಲೇ ನಿಂತಿತು. ತಕ್ಷಣ ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಮೀಟರ್ ಕೆಟ್ಟಿದೆ" ಅಂದ. ಅವನ ಮಾತು ನನಗೆ ಬಹಳ ಇಷ್ಟವಾಯಿತು. ತನ್ನ ಊಹೆಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡದ ಹುಡುಗನಿಗೆ ಪಾಠ ನಿಜವಾಗಿ ಮುಟ್ಟಿದೆ. ಪ್ರೊಜೆಕ್ಟರ್ ಹಾಕಿದ್ದು ಈ ಹೊತ್ತಿಗೆ.

ನಾನು ಬಳಸಿದ್ದು ಫೆಟ್ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ನಾವೇ ಜೋಡಿಸಿ, ಬದಲಿಸಿ ನೋಡಬಹುದಾದ ಪ್ರಯೋಗ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಯೋಜನೆ ಇದು. ಶುರು ಮಾಡಿದ ಕಾರ್ಲ್ ವೀಮನ್ ಅವರಿಗೆ 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಉಚಿತ, ಮತ್ತು ಕೆಲವು ಕನ್ನಡದಲ್ಲೂ ಸಿಗುತ್ತವೆ. ನಮ್ಮಂಥ ಶಾಲೆಗಳಿಗೆ ಇನ್ನೂ ಮುಖ್ಯವಾದ ಮಾತು: ಫೈಲನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಕರೆಂಟು ಹೋದರೆ ಲ್ಯಾಪ್‌ಟಾಪನ್ನು ಬೆಂಚಿನ ಮೇಲಿಟ್ಟು ಒಂದೊಂದೇ ಗುಂಪನ್ನು ಕರೆಯಬಹುದು. ಉಳಿದ ಗುಂಪುಗಳು ಸೆಲ್ಲು, ಬಲ್ಬಿನ ಜೊತೆ ಇರುತ್ತವೆ.

ಪರದೆಯ ಮೇಲೆ 9 ವೋಲ್ಟಿನ ಬ್ಯಾಟರಿ, 10 ಓಮ್ ರೋಧದ ಬಲ್ಬು. ಎರಡೂ ಕಡೆ ಒಂದೊಂದು ಅಮ್ಮೀಟರ್. ಎರಡರಲ್ಲೂ 0.90 ಆಂಪಿಯರ್. ತಂತಿಯಲ್ಲಿ ಇಲೆಕ್ಟ್ರಾನ್‌ಗಳು ಸಾಲಾಗಿ ಸಾಗುತ್ತಿದ್ದವು. ಬಲ್ಬಿಗೆ ಹೋದಷ್ಟೇ ಆಚೆ ಬರುತ್ತಿದ್ದವು. "ಮೀಟರ್ ಕೆಟ್ಟಿದೆ" ಅಂದವನನ್ನೇ ಕರೆದು ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಲು ಹೇಳಿದೆ. ಮೌಸ್ ಬಿಡುವ ಮೊದಲು ಎಲ್ಲರೂ ಓಮ್ ನಿಯಮದಿಂದ ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಬೇಕು ಅನ್ನುವುದು ನನ್ನ ಷರತ್ತು. ವೋಲ್ಟನ್ನು ಒಟ್ಟು ರೋಧದಿಂದ ಭಾಗಿಸಬೇಕು, ಎರಡು ಬಲ್ಬು ಸೇರಿ 20 ಓಮ್: 9 ಭಾಗಿಸು 20. ಪರದೆ 0.45 ತೋರಿಸಿದಾಗ ತರಗತಿಯಲ್ಲಿ ಎದ್ದ ಗದ್ದಲ ನನಗೆ ಇನ್ನೂ ಖುಷಿ ಕೊಡುತ್ತದೆ.

ಶಾರ್ಟ್ ಸರ್ಕ್ಯೂಟನ್ನೂ ಅದರಲ್ಲೇ ತೋರಿಸಿದೆ. ತಂತಿಯನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗೆ ಕೊಟ್ಟರೆ ಬೆಂಕಿ ಏಳುತ್ತದೆ. ಇದನ್ನು ಮಕ್ಕಳ ಕೈಯಲ್ಲಿ ಮಾಡಿಸುವಂತಿಲ್ಲ.

ಪರದೆಯನ್ನು ನಂಬಿಸುವುದರ ಜೊತೆಗೆ ಅನುಮಾನಿಸುವುದನ್ನೂ ಕಲಿಸಬೇಕು. ಇಲೆಕ್ಟ್ರಾನ್‌ಗಳು ಅಲ್ಲಿ ಕಾಣುವಷ್ಟು ದೊಡ್ಡವಲ್ಲ, ಅಷ್ಟು ಕಡಿಮೆಯೂ ಅಲ್ಲ. ನಿಜವಾದ ತಂತಿಯಲ್ಲಿ ಅವು ಸಾಗುವುದು ಬಹಳ ನಿಧಾನ, ಸೆಕೆಂಡಿಗೆ 1 ಮಿಲಿಮೀಟರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಇದನ್ನು ಹೇಳಿದ ಕೂಡಲೇ ಒಬ್ಬಳು ಎದ್ದಳು. "ಹಾಗಾದ್ರೆ ಸ್ವಿಚ್ ಹಾಕಿದ ತಕ್ಷಣ ಲೈಟ್ ಹೇಗೆ ಹತ್ತುತ್ತೆ ಮಿಸ್?" ಉತ್ತರ ನಾನು ಕೊಡಲಿಲ್ಲ. ಸ್ವಿಚ್ ತೆರೆದು, ಮತ್ತೆ ಮುಚ್ಚಿ, ಬಲ್ಬಿನ ಹತ್ತಿರದ ಇಲೆಕ್ಟ್ರಾನನ್ನೇ ನೋಡಿ ಅಂದೆ. ಎಲ್ಲವೂ ಒಟ್ಟಿಗೇ ಹೊರಡುತ್ತವೆ, ಸ್ವಿಚ್ಚಿನಿಂದ ಯಾವುದೂ ಬಲ್ಬಿನವರೆಗೆ ನಡೆದು ಬರಬೇಕಿಲ್ಲ ಅಂತ ಅವಳೇ ಹೇಳಿದಳು. ಬೋರ್ಡಿನ ಮೇಲಿನ ಚಿತ್ರದಿಂದ ಈ ಮಾತು ಹುಟ್ಟುವುದು ಕಷ್ಟ. ಬರಿ ವಿಡಿಯೊ ಓಡಿಸಿದ್ದರೂ ಹುಟ್ಟುತ್ತಿರಲಿಲ್ಲ ಅನ್ನಿಸುತ್ತದೆ, ಯಾಕೆಂದರೆ ವಿಡಿಯೊ ಪ್ರಶ್ನೆಗೆ ಕಾಯುವುದಿಲ್ಲ.

ಹಾಗಂತ ವಿಡಿಯೊ ಬೇಡ ಅನ್ನುವವಳಲ್ಲ ನಾನು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸ ಸಿಗುತ್ತವೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಅದು ಆಸರೆ. ಆದರೆ ಮನೆಗೆಲಸವಾಗಿ ಅದನ್ನು ಕೊಡುವಾಗ ಯೋಚಿಸುತ್ತೇನೆ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಅಪ್ಪ ಕೆಲಸದಿಂದ ಬರುವ ತನಕ ಮನೆಯಲ್ಲಿರುವುದಿಲ್ಲ. ಹಾಗಾಗಿ ಫೋನಿಲ್ಲದೆ ಮಾಡಲಾಗದ ಮನೆಗೆಲಸ ಕೊಡುವುದಿಲ್ಲ. ಬೇಕಾದ ವಿಡಿಯೊವನ್ನು ಶಾಲೆಯಲ್ಲೇ ತೋರಿಸುತ್ತೇನೆ.

ಮುಂದಿನ ಪಾಠ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮ. ತಂತಿಯಲ್ಲಿ ಪ್ರವಾಹ ಹರಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ. ಡೆನ್ಮಾರ್ಕಿನ ವಿಜ್ಞಾನಿ ಅರ್‌ಸ್ಟೆಡ್ 1820ರಲ್ಲಿ ಕಂಡದ್ದನ್ನು ಮಕ್ಕಳು ತಮ್ಮ ಬೆಂಚಿನ ಮೇಲೇ ಕಾಣಬಹುದು. ಅದಕ್ಕೆ ಸಿಮ್ಯುಲೇಶನ್ ಯೋಜಿಸಿಲ್ಲ. ದಿಕ್ಸೂಚಿಗಳು ಎಲ್ಲ ಗುಂಪಿಗೂ ಸಾಲುವುದಿಲ್ಲ, ಮುಳ್ಳೂ ಚಿಕ್ಕದು. ಆದ್ದರಿಂದ ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ನನ್ನ ಫೋನನ್ನು ಕ್ಯಾಮೆರಾ ಕೆಳಮುಖವಾಗಿ ಇಟ್ಟು, ಪ್ರೊಜೆಕ್ಟರಿಗೆ ಜೋಡಿಸುತ್ತೇನೆ. ಮುಂದೆ ಬಂದು ತಂತಿ ತಾಗಿಸುವುದು ಮಕ್ಕಳೇ. ಮುಳ್ಳು ಯಾವ ಕಡೆ ತಿರುಗುತ್ತದೆ ಅಂತ ಉಳಿದವರು ಮೊದಲೇ ನೋಟ್‌ಬುಕ್ಕಿನಲ್ಲಿ ಬಾಣ ಬರೆದಿಟ್ಟಿರಬೇಕು.