ಕೆಫೀನ್ ಕೊಟ್ಟ ಇಲಿಯ ಓಡಾಟ ಎಣಿಸುವುದು ಹೇಗೆ

ಉತ್ತೇಜಕ ಔಷಧದ ಪರಿಣಾಮ ನೋಡಲು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿರುವ ಆಕ್ಟೋಫೋಟೋಮೀಟರ್ ಸಾಕು. ಇಲಿ ಓಡಾಡುತ್ತ ಬೆಳಕಿನ ಕಿರಣಕ್ಕೆ ಅಡ್ಡ ಬಂದಾಗಲೆಲ್ಲ ಕೌಂಟರ್ ಒಂದು ಅಂಕಿ ಏರುತ್ತದೆ. ಆಂಫೆಟಮೈನ್ ಎಂಬ ಉತ್ತೇಜಕ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಹಿಡಿತದಲ್ಲಿದೆ. ಕಲಿಯುವವರಿಗೆ ಕೆಫೀನೇ ಸರಿ. ಔಷಧ ಯಾವುದೇ ಆಗಿರಲಿ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು.

ಡೋಸ್ ಕೆಜಿಗೆ 20 ಮಿಗ್ರಾಂ. 25 ಗ್ರಾಂ ತೂಗುವ ಸ್ವಿಸ್ ಆಲ್ಬಿನೋ ಇಲಿಗೆ 0.5 ಮಿಗ್ರಾಂ ಆಯಿತು. 20 ಮಿಗ್ರಾಂ ಕೆಫೀನನ್ನು 10 ಮಿಲೀ ಸಲೈನಿನಲ್ಲಿ (0.9% ಉಪ್ಪುನೀರು) ಕರಗಿಸಿದರೆ ಆ ಇಲಿಗೆ 0.25 ಮಿಲೀ ಸೂಜಿ ಹಾಕಬೇಕು. ಬಾಟಲಿಯ ಲೇಬಲ್ ಓದಿ: ಕೆಫೀನ್ ಸಿಟ್ರೇಟ್ ಆಗಿದ್ದರೆ ಅದರಲ್ಲಿ ಕೆಫೀನ್ ಅರ್ಧದಷ್ಟೇ, 40 ಮಿಗ್ರಾಂ ತೂಗಬೇಕು. ಡೋಸ್ ಹೆಚ್ಚಿಸಿದಷ್ಟೂ ಓಡಾಟ ಹೆಚ್ಚುವುದಿಲ್ಲ. ಕೆಜಿಗೆ 100 ಮಿಗ್ರಾಂ ಹತ್ತಿರವಾದರೆ ಇಲಿ ಮಂಕಾಗುತ್ತದೆ.

ಗುಂಪಿಗೆ 6 ಇಲಿ. ಒಂದು ಗುಂಪಿಗೆ ಬರೀ ಸಲೈನ್, ಏಕೆಂದರೆ ಸೂಜಿ ಚುಚ್ಚಿದ್ದಕ್ಕೇ ಇಲಿ ಗಾಬರಿಯಾಗುತ್ತದೆ. ಪಂಜರಗಳನ್ನು ಅರ್ಧ ಗಂಟೆ ಮುಂಚೆಯೇ ಕೋಣೆಗೆ ತನ್ನಿ. ಮೊದಲು 10 ನಿಮಿಷ ಎಣಿಸಿ, ಹೊಟ್ಟೆಯ ಬಲ ಕೆಳಭಾಗಕ್ಕೆ ಚುಚ್ಚಿ, 30 ನಿಮಿಷ ಬಿಟ್ಟು ಮತ್ತೆ 10 ನಿಮಿಷ ಎಣಿಸಿ. ಸಲೈನಿನ ಇಲಿಗಳನ್ನೆಲ್ಲ ಬೆಳಿಗ್ಗೆ, ಕೆಫೀನಿನವನ್ನೆಲ್ಲ ಮಧ್ಯಾಹ್ನ ಮಾಡಿದರೆ ಲೆಕ್ಕವೇ ಕೆಟ್ಟಿತು, ಬೆರೆಸಿ ಮಾಡಿ. ಪ್ರತಿ ಇಲಿಯ ನಂತರ ಪೆಟ್ಟಿಗೆಯನ್ನು 70% ಆಲ್ಕೋಹಾಲಿನಿಂದ ಒರೆಸಿ, ವಾಸನೆ ಆರುವ ತನಕ ಕಾಯಿರಿ. ಮಲ್ಲಿಗೆ ಮುಡಿದು, ಸೆಂಟು ಹಾಕಿಕೊಂಡು ಒಳಗೆ ಹೋಗಬೇಡಿ. ಮೈಸೂರು ಅರಮನೆಯ ಆಸುಪಾಸಿನ ಲ್ಯಾಬಾದರೆ ದಸರಾ ಕುಶಾಲತೋಪಿನ ತಾಲೀಮಿನ ದಿನ ಪ್ರಯೋಗ ಇಟ್ಟುಕೊಳ್ಳಲೇಬೇಡಿ, ಆ ಸದ್ದಿಗೆ ಇಲಿ ಮೂಲೆ ಸೇರಿ ಕಲ್ಲಾಗುತ್ತದೆ.

ಮಿದುಳಿನಲ್ಲಿ ಏನಾಗುತ್ತದೆ? ಆಂಫೆಟಮೈನ್ ನರತುದಿಯಿಂದ ಡೋಪಮೈನನ್ನು (ಓಡಾಟಕ್ಕೆ ಚುರುಕು ಕೊಡುವ ನರಸಂದೇಶ ರಾಸಾಯನಿಕ) ಹೊರದಬ್ಬುತ್ತದೆ. ಕೊಕೇನ್ ಅದನ್ನು ವಾಪಸು ಹೀರಿಕೊಳ್ಳುವ ದಾರಿ ಮುಚ್ಚುತ್ತದೆ. ಕೆಫೀನಿನ ದಾರಿ ಬೇರೆ: ಚಲನೆ ನಿಯಂತ್ರಿಸುವ ಮಿದುಳಿನ ಭಾಗವಾದ ಸ್ಟ್ರೈಯೇಟಮ್‌ನಲ್ಲಿ ಡೋಪಮೈನಿನ ಸಂದೇಶ ಹಿಡಿಯುವ ಡಿ2 ಗ್ರಾಹಿಯ ಪಕ್ಕದಲ್ಲೇ, ಚಟುವಟಿಕೆ ತಗ್ಗಿಸುವ ಅಡಿನೋಸಿನ್‌ನ ಎ2ಎ ಗ್ರಾಹಿ ಬ್ರೇಕಿನಂತೆ ಕೂತಿರುತ್ತದೆ, ಕೆಫೀನ್ ಆ ಬ್ರೇಕು ಸಡಿಲಿಸುತ್ತದೆ.

ಕೌಂಟರನ್ನಷ್ಟೇ ನಂಬಬೇಡಿ, ಇಲಿಯನ್ನೂ ನೋಡಿ. ಆಂಫೆಟಮೈನ್ ಡೋಸ್ ಜಾಸ್ತಿಯಾದಾಗ ಅದು ನಿಂತಲ್ಲೇ ತಲೆ ಆಡಿಸುತ್ತ, ನೆಲ ಮೂಸುತ್ತ, ಕಚ್ಚುತ್ತ ಇರುತ್ತದೆ. ಅಂಕಿ ಇಳಿದಿರುತ್ತದೆ, ಡೋಪಮೈನ್ ಇಳಿದಿರುವುದಿಲ್ಲ. ಡೋಪಮೈನಿನ ಪಾತ್ರ ಖಚಿತಪಡಿಸಲು, ಅದರ ಗ್ರಾಹಿಯನ್ನು ಮುಚ್ಚುವ ಹ್ಯಾಲೋಪೆರಿಡಾಲ್ ಮೊದಲೇ ಕೊಡುವುದಾದರೆ, ಅದನ್ನಷ್ಟೇ ಕೊಟ್ಟ ಇನ್ನೊಂದು ಗುಂಪೂ ಇರಲಿ. ಆ ಔಷಧವೇ ಇಲಿಯನ್ನು ಕೂರಿಸಿಬಿಡುತ್ತದೆ.