ಆರು ದಿನದ ಒಡೆತನ: ನನ್ನ ಅನುಭವ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲ್ಲಾಲಿ ಅಂಗಡಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ರೈತರು ತಂದ ಮೆಕ್ಕೆಜೋಳದ ತೂಕ, ತೇವಾಂಶ, ಹಮಾಲಿ, ಚೀಲದ ಲೆಕ್ಕ ಇವನ್ನೆಲ್ಲ ಎರಡೆರಡು ಸಲ ಕೂಡಿಸಿ ನೋಡದೆ ಪಟ್ಟಿಗೆ ಸಹಿ ಹಾಕಿದವನಲ್ಲ. ಅಂಥವನು 2023ರ ನವೆಂಬರಿನ ಒಂದು ಭಾನುವಾರ ಪಿ.ಬಿ. ರಸ್ತೆಯ ಹೋಟೆಲೊಂದರ ಸಭಾಂಗಣದಲ್ಲಿ ಹದಿನಾಲ್ಕು ಪುಟದ ಕರಾರಿಗೆ ಓದದೆಯೇ ಸಹಿ ಹಾಕಿ, 25 ವರ್ಷಗಳ ರಜಾ ಸದಸ್ಯತ್ವವನ್ನು (ಮೊದಲೇ ಹಣ ಕಟ್ಟಿ, ವರ್ಷಕ್ಕೆ ಕೆಲವು ರಾತ್ರಿ ಕಂಪನಿಯ ರೆಸಾರ್ಟುಗಳಲ್ಲಿ ಉಳಿಯುವ ಯೋಜನೆ) ಕೊಂಡು, ಮುಂಗಡವೆಂದು 60,000 ರೂಪಾಯಿಗೆ ಕ್ರೆಡಿಟ್ ಕಾರ್ಡ್ ಉಜ್ಜಿ ಬಂದೆ. ಆರನೆಯ ದಿನ ಅದನ್ನು ರದ್ದುಪಡಿಸಿದೆ. ನಡುವಿನ ದಿನಗಳಲ್ಲಿ ಕಲಿತದ್ದನ್ನೂ, ಇದೇ ಬಗೆಯ ಸದಸ್ಯತ್ವವನ್ನು ಎಂಟು ವರ್ಷಗಳಿಂದ ಹೊತ್ತುಕೊಂಡಿರುವ ಚಿತ್ರದುರ್ಗದ ನನ್ನ ಷಡ್ಡಕರಿಂದ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ದಸರಾ ಸಮಯದ ವಸ್ತುಪ್ರದರ್ಶನದಲ್ಲಿ ಮಕ್ಕಳ ಒತ್ತಾಯಕ್ಕೆ ತುಂಬಿ ಡಬ್ಬಿಗೆ ಹಾಕಿದ ಒಂದು ಕೂಪನ್ನಿನಿಂದ. ಮೂರು ವಾರ ಕಳೆದ ಮೇಲೆ ಫೋನ್ ಬಂತು: ನಿಮ್ಮ ಹೆಸರು ಅದೃಷ್ಟ ಚೀಟಿಯಲ್ಲಿ ಎದ್ದಿದೆ, ಮೂರು ಹಗಲು ಎರಡು ರಾತ್ರಿಯ ಉಚಿತ ವಾಸ್ತವ್ಯದ ವೋಚರ್ ಪಡೆಯಲು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರಬೇಕು, ಕ್ರೆಡಿಟ್ ಕಾರ್ಡ್ ಜೊತೆಗಿರಲಿ, ಕೊಳ್ಳಲೇಬೇಕೆಂಬ ಬಲವಂತವಿಲ್ಲ. ಉಚಿತ ಉಡುಗೊರೆ ಪಡೆಯುವವನಿಗೆ ಕ್ರೆಡಿಟ್ ಕಾರ್ಡ್ ಏಕೆ ಬೇಕು ಎಂಬ ಪ್ರಶ್ನೆ ನನಗೆ ಅಂದು ಹೊಳೆಯಲಿಲ್ಲ. ಇಬ್ಬರೂ ಬರಬೇಕೆಂಬ ಷರತ್ತಿನ ಅರ್ಥ ಮಾತ್ರ ಸಭಾಂಗಣದಲ್ಲಿ ಕೂತು ಒಂದು ಗಂಟೆಯ ನಂತರ ತಿಳಿಯಿತು. ನಮ್ಮ ಕಡೆ ಬೇಡವಾದ ವ್ಯಾಪಾರದಿಂದ ಮರ್ಯಾದೆಯಾಗಿ ಎದ್ದು ಬರಲು ಎಲ್ಲರೂ ಹೇಳುವ ಮಾತು ಒಂದೇ: ‘ಮನೆಯಲ್ಲಿ ಕೇಳಿ ಹೇಳ್ತೀನಿ.’ ಮನೆಯವರನ್ನೇ ಪಕ್ಕದ ಕುರ್ಚಿಯಲ್ಲಿ ಕೂರಿಸಿಬಿಟ್ಟರೆ ಆ ಬಾಗಿಲು ಮುಚ್ಚಿದಂತೆಯೇ.

ಮೊದಲು ಬಂದ ಹುಡುಗ ಬಹಳ ವಿನಯವಂತ. ಅವನು ಮಾರುವ ಮಾತನ್ನೇ ಎತ್ತಲಿಲ್ಲ. ಒಂದು ಹಾಳೆಯಲ್ಲಿ ನಮ್ಮ ಉತ್ತರಗಳನ್ನು ಬರೆದುಕೊಂಡ. ಕಳೆದ ವರ್ಷ ಎಲ್ಲಿಗೆ ಹೋಗಿದ್ದಿರಿ, ಎಷ್ಟು ಖರ್ಚಾಯಿತು, ಮಕ್ಕಳಿಗೆ ಎಲ್ಲಿಗೆ ಹೋಗುವ ಆಸೆ, ಮೇಡಂ ಅವರನ್ನು ಕೊನೆಯ ಬಾರಿ ಸಮುದ್ರ ತೀರಕ್ಕೆ ಕರೆದೊಯ್ದದ್ದು ಯಾವಾಗ. ಒಂದು ಗಂಟೆಯ ನಂತರ, ನಾನು ಹಿಂದೆಮುಂದೆ ನೋಡತೊಡಗಿದಾಗ, ಅದೇ ಹಾಳೆಯನ್ನು ನನ್ನ ಮುಂದಿಟ್ಟು, ‘ಸರ್, ಮಕ್ಕಳು ಗೋವಾ ನೋಡಿಲ್ಲ ಅಂತ ನೀವೇ ಹೇಳಿದ್ರಿ’ ಎಂದ. ನಮ್ಮ ಮಾತಿನಿಂದಲೇ ನಮ್ಮ ಬಾಯಿ ಕಟ್ಟುವ ಈ ಉಪಾಯಕ್ಕೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅಲ್ಲಿ ಸುಳ್ಳೇನೂ ಇರುವುದಿಲ್ಲ. ಈ ನಡುವೆ ಪಕ್ಕದ ಮೇಜುಗಳಲ್ಲಿ ಯಾರಾದರೂ ಸದಸ್ಯರಾದರೆ ಧ್ವನಿವರ್ಧಕದಲ್ಲಿ ಅವರ ಹೆಸರು ಕೂಗಿ ಚಪ್ಪಾಳೆ ತಟ್ಟುತ್ತಿದ್ದರು. ತೊಂಬತ್ತು ನಿಮಿಷವೆಂದು ಕರೆದವರು ಮೂರು ಗಂಟೆ ಕೂರಿಸಿದರು. ‘ರೀ, ಹುಡುಗರಿಗೆ ಹೊಟ್ಟೆ ಹಸ್ದೈತಿ, ಏಳ್ರಿ’ ಎಂದು ಹೆಂಡತಿ ಎರಡು ಸಲ ಹೇಳಿದಳು. ಹಸಿದವನು ಬೇಗ ಸಹಿ ಹಾಕುತ್ತಾನೆಂಬುದು ಅವರಿಗೆ ಗೊತ್ತಿತ್ತು. ಹಸಿದವನು ಎದ್ದು ಹೋಗಬಹುದೆಂಬುದು ನನಗೆ ಗೊತ್ತಿರಬೇಕಿತ್ತು.

ದರದ ವಿಷಯದಲ್ಲಿ ನನಗೆ ಇಂದಿಗೂ ನಾಚಿಕೆಯಿದೆ. ಮೊದಲು 6,40,000 ಎಂದರು. ನಾನು ಚೌಕಾಸಿ ಮಾಡದಿದ್ದರೂ ‘ಮ್ಯಾನೇಜರ್’ ಬಂದು ಅದನ್ನು 4,80,000ಕ್ಕೆ ಇಳಿಸಿದರು. ಬೆಂಗಳೂರಿನಿಂದ ಬಂದ ಹಿರಿಯರೆಂದು ಪರಿಚಯಿಸಲಾದ ಮೂರನೆಯವರು ತೆರಿಗೆ ಸೇರಿ 3,60,000 ಎಂದು ಬರೆದು, ‘ಇವತ್ತು ಸಂಜೆವರೆಗೆ ಮಾತ್ರ’ ಎಂದು ಹಾಳೆಯನ್ನು ಮಡಚಿಟ್ಟರು. ಕೊಳ್ಳುವವನು ಕೇಳದೆಯೇ ಅರ್ಧದಷ್ಟು ಇಳಿಯುವ ದರ ಮೊದಲಿನಿಂದಲೂ ದರವೇ ಆಗಿರಲಿಲ್ಲವೆಂಬುದನ್ನು ಮಂಡಿಯಲ್ಲಿ ಚೀಲ ಹೊರುವ ಹುಡುಗನೂ ಹೇಳುತ್ತಾನೆ. ನಾನು ಮಾತ್ರ 2,80,000 ಉಳಿಸಿದೆನೆಂಬ ಖುಷಿಯಲ್ಲಿ ಪೆನ್ನು ಹಿಡಿದೆ.

ಮಂಗಳವಾರ ರಾತ್ರಿ, ಪಿ.ಜೆ. ಬಡಾವಣೆಯ ಮನೆಯಲ್ಲಿ, ಕರಾರನ್ನು ಮೊದಲ ಬಾರಿ ಪೂರ್ತಿ ಓದಿದೆ. ‘ನಿಮ್ಮದೇ ರೆಸಾರ್ಟ್, ನೀವೇ ಓನರ್’ ಎಂಬ ಮಾತು ಸಭಾಂಗಣದಲ್ಲಿ ಇಪ್ಪತ್ತು ಸಲವಾದರೂ ಕಿವಿಗೆ ಬಿದ್ದಿತ್ತು. ಕರಾರಿನಲ್ಲಿ ‘ಒಡೆಯ’ ಎಂಬರ್ಥದ ಒಂದು ಪದವೂ ಇರಲಿಲ್ಲ. ಅಲ್ಲಿದ್ದದ್ದು, ಕೊಠಡಿ ಖಾಲಿಯಿದ್ದರೆ, ಶುಲ್ಕ ಬಾಕಿಯಿಲ್ಲದಿದ್ದರೆ, ವರ್ಷಕ್ಕೆ ಏಳು ರಾತ್ರಿ ಉಳಿಯಲು ಕೋರುವ ಹಕ್ಕು. ರೆಸಾರ್ಟಿನ ಕೊಠಡಿಯನ್ನು ವಾರದ ಲೆಕ್ಕದಲ್ಲಿ ಹಲವರಿಗೆ ಹಂಚಿ ಮಾರುವ ಅಮೆರಿಕದ ಕೆಲವು ಟೈಮ್‌ಶೇರ್‌ಗಳಲ್ಲಿ ಕೊಳ್ಳುವವನ ಹೆಸರಿಗೆ ಒಂದು ವಾರದ ಕ್ರಯಪತ್ರವೇ ನೋಂದಣಿಯಾಗುತ್ತದೆ; ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಸದಸ್ಯತ್ವಗಳು ಹಾಗಲ್ಲ. ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಕೆಲಸವಿಲ್ಲ, ಖಾತೆಯಿಲ್ಲ, ಬ್ಯಾಂಕಿನಲ್ಲಿ ಅಡವಿಡುವ ಆಸ್ತಿಯಂತೂ ಅಲ್ಲವೇ ಅಲ್ಲ. 25 ವರ್ಷ ಮುಗಿದ ದಿನ ಕೈಯಲ್ಲಿ ಉಳಿಯುವುದು ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡ್. ಇದನ್ನು ಹೂಡಿಕೆಯೆಂದು ಕರೆಯುವವರ ಮುಂದೆ ನಾನು ಈಗ ಒಂದೇ ಪ್ರಶ್ನೆ ಇಡುತ್ತೇನೆ: ಹತ್ತು ವರ್ಷದ ನಂತರ ಇದನ್ನು ನೀವೇ ಎಷ್ಟಕ್ಕೆ ಮರಳಿ ಕೊಳ್ಳುತ್ತೀರಿ?

ಬಣ್ಣಗಳ ಷರತ್ತು ಎರಡನೆಯ ಪೆಟ್ಟು. ವರ್ಷವನ್ನು ಹೆಚ್ಚು, ಮಧ್ಯಮ, ಕಡಿಮೆ ಬೇಡಿಕೆಗೆ ತಕ್ಕಂತೆ ಕೆಂಪು, ಬಿಳಿ, ನೀಲಿ ಋತುಗಳೆಂದು ಭಾಗ ಮಾಡುವುದು ಈ ವ್ಯವಹಾರದಲ್ಲಿ ಹಳೆಯ ಪದ್ಧತಿ. ನನಗೆ ಕೊನೆಯ ದರದಲ್ಲಿ ಕೊಟ್ಟದ್ದು ಬಿಳಿ. ಏಪ್ರಿಲ್-ಮೇ, ದಸರಾ, ಕ್ರಿಸ್‌ಮಸ್ ವಾರ ಎಲ್ಲವೂ ಕೆಂಪು. ಇಬ್ಬರು ಶಾಲಾ ಮಕ್ಕಳಿರುವ ಮನೆಗೆ ಶಾಲೆ ನಡೆಯುವ ತಿಂಗಳುಗಳ ರಜೆಯನ್ನು ಮಾರಿದ್ದರು. ‘ಜಗತ್ತಿನ ಸಾವಿರಾರು ರೆಸಾರ್ಟ್ ನಿಮಗೆ ತೆರೆದಿದೆ’ ಎಂದದ್ದರ ಹಿಂದೆ ಇದ್ದದ್ದು 1974ರಲ್ಲಿ ಆರಂಭವಾದ ಆರ್‌ಸಿಐಯಂತಹ ವಿನಿಮಯ ಸಂಸ್ಥೆಗಳ ಏರ್ಪಾಡು. ಅದು ಇರುವುದು ನಿಜ. ಆದರೆ ನಮ್ಮ ವಾರವನ್ನು ಅಲ್ಲಿ ಒಪ್ಪಿಸಿ, ವಿನಿಮಯ ಶುಲ್ಕ ಕಟ್ಟಿ, ಬೇರೆಯವರು ಬಿಟ್ಟುಕೊಟ್ಟ ಜಾಗ ಸಿಗುವುದನ್ನು ಕಾಯಬೇಕು. ಬೇಡಿಕೆಯಿಲ್ಲದ ವಾರ ಕೊಟ್ಟವನಿಗೆ ಬೇಡಿಕೆಯ ವಾರ ಸಿಗುವುದು ಸುಲಭವಲ್ಲ.

ಇನ್ನು ಲೆಕ್ಕ. ಅವರ ಹಾಳೆಯಲ್ಲಿ ಹೋಟೆಲ್ ಬಾಡಿಗೆ ರಾತ್ರಿಗೆ 5,000 ರೂಪಾಯಿ, ವರ್ಷಕ್ಕೆ ಏಳು ರಾತ್ರಿ, ಬಾಡಿಗೆ ಪ್ರತಿ ವರ್ಷ ಶೇ 10ರಷ್ಟು ಏರಿಕೆ ಎಂದು ಹಿಡಿದು, 25 ವರ್ಷಕ್ಕೆ 34 ಲಕ್ಷ ಖರ್ಚು ತಪ್ಪುತ್ತದೆಂದು ತೋರಿಸಿದ್ದರು. ಕೂಡಿಸಿ ನೋಡಿದೆ, ಮೊತ್ತ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಹಾಳೆಯಲ್ಲಿ ಇಲ್ಲದ ಸಾಲುಗಳಲ್ಲಿ. ವಾರ್ಷಿಕ ಶುಲ್ಕ 15,000, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 17,700. ಕಂಪನಿ ಇದನ್ನು ಆಗಾಗ್ಗೆ ಪರಿಷ್ಕರಿಸಬಹುದೆಂದು ಕರಾರಿನಲ್ಲಿದೆ, ಹಾಳೆಯಲ್ಲಿಲ್ಲ. ಹೋಟೆಲಿನ ಬಾಡಿಗೆ ಶೇ 10 ಏರುವ ಊರಿನಲ್ಲಿ ಶುಲ್ಕ ಮಾತ್ರ ನಿಂತಲ್ಲೇ ನಿಲ್ಲುವುದೇ? ಶೇ 6 ಏರುತ್ತದೆಂದು ಹಿಡಿದರೂ 25 ವರ್ಷದ ಶುಲ್ಕವೇ ಸುಮಾರು 9,70,000 ಆಗುತ್ತದೆ, ಕೊನೆಯ ವರ್ಷದ ಕಂತು 71,000 ದಾಟುತ್ತದೆ.

ಮುಂದಿನ ಏರಿಕೆಯ ಊಹೆಗಳನ್ನು ಬಿಟ್ಟು ಮೊದಲ ವರ್ಷಕ್ಕಷ್ಟೇ ಲೆಕ್ಕ ಹಾಕಿದೆ. 3,60,000 ರೂಪಾಯಿಯನ್ನು ಶೇ 7ರ ಠೇವಣಿಯಲ್ಲಿಟ್ಟು, ಅಸಲೂ ಬಡ್ಡಿಯೂ ಸೇರಿ 25 ವರ್ಷಕ್ಕೆ ಸರಿಯಾಗಿ ಮುಗಿಯುವಂತೆ ವರ್ಷಕ್ಕೊಮ್ಮೆ ತೆಗೆಯುತ್ತ ಹೋದರೆ ಪ್ರತಿ ವರ್ಷ ಸುಮಾರು 30,900 ಸಿಗುತ್ತದೆ. ಅದಕ್ಕೆ 17,700 ಕೂಡಿಸಿದರೆ 48,600. ಏಳಕ್ಕೆ ಏಳು ರಾತ್ರಿಯನ್ನೂ ಬಳಸಿದರೆ ರಾತ್ರಿಗೆ 6,900 ರೂಪಾಯಿಗೂ ಹೆಚ್ಚು. ಅಂಗಡಿಯ ಸುಗ್ಗಿಯ ಕಾಟದಲ್ಲಿ ನನಗೆ ನಿಜವಾಗಿ ಸಿಗುವ ನಾಲ್ಕೇ ರಾತ್ರಿಯಾದರೆ 12,000 ದಾಟುತ್ತದೆ. ಇದರಲ್ಲಿ ಊಟವಿಲ್ಲ, ಪ್ರಯಾಣವಿಲ್ಲ. 5,000ದ ಕೊಠಡಿಯನ್ನು ಬೇಕಾದ ವರ್ಷ ಮಾತ್ರ ಹಿಡಿದು, ಬೇಡವಾದ ವರ್ಷ ಮನೆಯಲ್ಲೇ ಇರುವ ಸ್ವಾತಂತ್ರ್ಯಕ್ಕೆ ಹಾಕಬೇಕಾದ ಬೆಲೆಯನ್ನು ನಾನು ಸೇರಿಸಿಯೇ ಇಲ್ಲ.

ಹಾಗೆಂದು ಯಾರಿಗೂ ಇದು ಹೊಂದುವುದಿಲ್ಲವೆನ್ನಲಾರೆ. ವಿದ್ಯಾನಗರದಲ್ಲಿ ನನಗೆ ಪರಿಚಯದ ವೈದ್ಯ ದಂಪತಿ ಆರು ತಿಂಗಳ ಮೊದಲೇ ಕೊಠಡಿ ಕಾಯ್ದಿರಿಸಿ, ಮಕ್ಕಳ ಶಾಲೆಯ ಗೊಡವೆಯಿಲ್ಲದೆ ಜನವರಿ-ಫೆಬ್ರವರಿಯಲ್ಲಿ ಸುತ್ತಾಡಿ, ಕೊಟ್ಟ ಹಣವನ್ನು ಪೂರ್ತಿ ವಸೂಲು ಮಾಡುತ್ತಿದ್ದಾರೆ. ಅವರು ಮೊದಲೇ ವಿಚಾರಿಸಿ, ಕರಾರು ಓದಿ ಕೊಂಡವರು. ಸಭಾಂಗಣದ ಚಪ್ಪಾಳೆಗೆ ಕೊಂಡವರಲ್ಲ.

ರದ್ದತಿಯ ಹಕ್ಕು ಹದಿಮೂರನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು: ಸಹಿ ಹಾಕಿದ 10 ದಿನಗಳೊಳಗೆ ಲಿಖಿತವಾಗಿ ತಿಳಿಸಿದರೆ ಹಣ ವಾಪಸು. ಯುರೋಪ್ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಅಲ್ಲಿಯ ಗ್ರಾಹಕನಿಗೆ 14 ದಿನದ ಅವಕಾಶವಿದ್ದು, ಆ ಅವಧಿ ಮುಗಿಯುವವರೆಗೆ ಮುಂಗಡವನ್ನೇ ಪಡೆಯುವಂತಿಲ್ಲವೆಂದು ಆ ರಾತ್ರಿಯೇ ಓದಿದೆ. ನನ್ನ ಮುಂಗಡವಂತೂ ಆಗಲೇ ಹೋಗಿತ್ತು. ಗುರುವಾರ ಮಾರಾಟದ ಹುಡುಗನಿಗೆ ಫೋನ್ ಮಾಡಿದೆ. ಅವನು ಬೇಸರಿಸಿಕೊಳ್ಳಲಿಲ್ಲ, ‘ಮುಂದಿನ ಗುರುವಾರ ಮ್ಯಾನೇಜರ್ ದಾವಣಗೆರೆಗೆ ಬರ್ತಾರೆ ಸರ್, ಕೂತು ಮಾತಾಡಿ, ಎರಡು ರಾತ್ರಿ ಹೆಚ್ಚಿಗೆ ಕೊಡಿಸ್ತೀನಿ’ ಎಂದ. ಫೋನ್ ಇಟ್ಟು ಕ್ಯಾಲೆಂಡರ್ ನೋಡಿದೆ. ಮುಂದಿನ ಗುರುವಾರವೆಂದರೆ ಹನ್ನೊಂದನೆಯ ದಿನ.

ಆಮೇಲೆ ನಾನು ಮಾಡಿದ್ದು ಇಷ್ಟು. ಶನಿವಾರ, ಆರನೆಯ ದಿನ, ಸದಸ್ಯತ್ವ ಸಂಖ್ಯೆ, ಸಹಿಯ ದಿನಾಂಕ, ಪಾವತಿಯ ವಿವರ, ರದ್ದತಿ ಷರತ್ತಿನ ಸಂಖ್ಯೆ ಇವನ್ನು ನಮೂದಿಸಿ ನಾಲ್ಕೇ ಸಾಲಿನ ಪತ್ರ ಬರೆದು, ಕರಾರಿನಲ್ಲಿದ್ದ ಇಮೇಲ್ ವಿಳಾಸಕ್ಕೂ, ಅಂಚೆಯ ಮೂಲಕ ನೋಂದಾಯಿತ ಕಚೇರಿಗೂ ಕಳುಹಿಸಿದೆ. ಕಾರಣ ಬರೆಯಲಿಲ್ಲ, ಕಾರಣ ಕೊಟ್ಟರೆ ಅದಕ್ಕೆ ಪರಿಹಾರ ಹೇಳಲು ಇನ್ನೊಂದು ಫೋನ್ ಬರುತ್ತದೆ. ಉಳಿದ 3,00,000ದ ಕಂತುಗಳಿಗಾಗಿ ನಾನು ಕೊಟ್ಟಿದ್ದ ನ್ಯಾಚ್ ಅನುಮತಿಯನ್ನು (ಖಾತೆಯಿಂದ ಕಂತು ತಾನಾಗಿಯೇ ಕಡಿತವಾಗಲು ಕೊಡುವ ಒಪ್ಪಿಗೆ) ತಡೆಯಲು ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಮುಂದಿನ ಮಾತುಕತೆಯೆಲ್ಲ ಇಮೇಲಿನಲ್ಲಿಯೇ ಇರಲಿ ಎಂದು ಫೋನ್ ಎತ್ತುವುದನ್ನು ನಿಲ್ಲಿಸಿದೆ. ಒಂದೂವರೆ ತಿಂಗಳಿಗೆ 55,500 ಬಂತು. 4,500 ‘ಪ್ರಕ್ರಿಯಾ ಶುಲ್ಕ’ವೆಂದು ಹಿಡಿದಿದ್ದರು. ಅಂಥ ಕಡಿತ ಕರಾರಿನಲ್ಲಿ ಇರಲಿಲ್ಲವಾದ್ದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದೂ ಬಂತು, ಮತ್ತೆ ಐದು ವಾರ ತಡವಾಗಿ. ಉಚಿತ ವೋಚರನ್ನು ನಾವು ಬಳಸಲೇ ಇಲ್ಲ. 45 ದಿನ ಮೊದಲು ತಿಳಿಸಬೇಕು, ರಜಾದಿನಗಳಲ್ಲಿ ನಡೆಯುವುದಿಲ್ಲ, ಊಟದ ಪ್ಯಾಕೇಜ್ ಕಡ್ಡಾಯ ಎಂದೆಲ್ಲ ಅದರ ಹಿಂಬದಿಯಲ್ಲಿ ಅಚ್ಚಾಗಿತ್ತು.

ಷಡ್ಡಕರ ಕಥೆ ಇಷ್ಟು ಸಲೀಸಲ್ಲ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದದ್ದು, ಬೇಡವಾದಾಗ ಕಂಪನಿಯೇ ಮಾರಿಸಿಕೊಡುತ್ತದೆ ಎಂದು. ಕರಾರಿನಲ್ಲಿರುವುದು, ಬರಹದಲ್ಲಿಲ್ಲದ ಯಾವ ಭರವಸೆಗೂ ಕಂಪನಿ ಬದ್ಧವಲ್ಲ ಎಂದು. ಮೂರು ವರ್ಷ ಕೇಳಿದ ವಾರ ಸಿಗದೆ ಸಿಟ್ಟಿನಿಂದ ಶುಲ್ಕ ಕಟ್ಟುವುದನ್ನು ನಿಲ್ಲಿಸಿದರು. ಕಟ್ಟದಿದ್ದರೆ ಸದಸ್ಯತ್ವ ತಾನಾಗಿಯೇ ಮುಗಿಯುತ್ತದೆಂಬುದು ಅವರ ನಂಬಿಕೆಯಾಗಿತ್ತು. ಮುಗಿಯಲಿಲ್ಲ, ಕೊಠಡಿ ಕಾಯ್ದಿರಿಸುವ ಹಕ್ಕು ನಿಂತು, ಬಾಕಿಯ ಮೇಲೆ ಬಡ್ಡಿ ಬೆಳೆಯಿತು. ಆಗ ಇನ್ನೊಂದು ಕರೆ: ನಿಮ್ಮ ಸದಸ್ಯತ್ವಕ್ಕೆ 5,00,000 ಕೊಡುವ ಗಿರಾಕಿ ಸಿದ್ಧವಿದ್ದಾರೆ, ವರ್ಗಾವಣೆ ಶುಲ್ಕವೂ ಜಿಎಸ್‌ಟಿಯೂ ಸೇರಿ 38,000 ಮೊದಲು ಕಟ್ಟಿ. ಅವರು ಕಟ್ಟಿದರು. ಗಿರಾಕಿಯೂ ಇಲ್ಲ, ಕರೆ ಮಾಡಿದ ಸಂಖ್ಯೆಯೂ ಈಗ ಚಾಲ್ತಿಯಲ್ಲಿಲ್ಲ. ಮಾರಿಸಿಕೊಡುವವನು ಮಾರಿದ ಹಣದಲ್ಲಿ ತನ್ನ ಪಾಲು ಹಿಡಿಯದೆ ಮುಂಗಡ ಕೇಳಿದರೆ ಅದು ದಲ್ಲಾಲಿಯಲ್ಲ ಎಂಬುದನ್ನು ನಾನಾದರೂ ಅವರಿಗೆ ಮೊದಲೇ ಹೇಳಬಹುದಿತ್ತು; ಅವರು ನನ್ನನ್ನು ಕೇಳಲಿಲ್ಲ, ನನ್ನ ಸಹಿಯ ಸಂಗತಿಯನ್ನು ನಾನೂ ಆಗ ಅವರಿಗೆ ಹೇಳಿರಲಿಲ್ಲ.

ಅವರ ಕರಾರಿನಲ್ಲಿ ವ್ಯಾಜ್ಯವೆಲ್ಲ ಬೇರೆ ರಾಜ್ಯದ ನಗರದಲ್ಲಿ, ಅದೂ ನ್ಯಾಯಾಲಯದ ಬದಲು ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಮೂಲಕ ಎಂದಿರುವುದರಿಂದ ಏನೂ ಮಾಡುವಂತಿಲ್ಲವೆಂದು ಅವರು ಸುಮ್ಮನಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಟ್ಟ ಹಣ 5,00,000 ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ತೊಡಕಿರುವುದು ಎರಡು ವರ್ಷಗಳ ಕಾಲಮಿತಿಯಲ್ಲಿ. ಎಂಟು ವರ್ಷದ ಹಿಂದಿನ ಬಾಯಿಮಾತನ್ನು ಈಗ ಎತ್ತುವುದು ಕಷ್ಟ, ಕಳೆದ ಎರಡು ವರ್ಷಗಳಲ್ಲಿ ಕೊಠಡಿ ಕೇಳಿ ನಿರಾಕರಿಸಲ್ಪಟ್ಟ ದಾಖಲೆಗಳಿದ್ದರೆ ಅವನ್ನು ಹಿಡಿದು ಹೊರಡೋಣವೆಂದು ವಕೀಲರು ಹೇಳಿದ್ದಾರೆ. ಕೋಟೆ ರಸ್ತೆಯ ಅವರ ಮನೆಯಲ್ಲಿ ಕಳೆದ ಭಾನುವಾರವಿಡೀ ಕೂತು ಹಳೆಯ ಇಮೇಲ್‌ಗಳನ್ನು ತೆಗೆದೆವು. ನಿರಾಕರಣೆಯ ಒಂಬತ್ತು ಉತ್ತರಗಳು ಸಿಕ್ಕಿವೆ, ಎರಡು ವರ್ಷದ ಶುಲ್ಕದ ರಸೀದಿ ಸಿಕ್ಕಿಲ್ಲ. ಅದಕ್ಕೆ ಬ್ಯಾಂಕಿನ ಲೆಕ್ಕಪಟ್ಟಿ ಕೇಳಿ ಅರ್ಜಿ ಕೊಟ್ಟಿದ್ದೇವೆ.