“ಎಲ್ಲಾ ಕಳ್ಳರೇ ಬಿಡಿ ಸಾರ್” ಎನ್ನುವ ಮಕ್ಕಳಿಗೆ ಪೌರನೀತಿ ಕಲಿಸಿದ್ದು

ಒಂಬತ್ತು, ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುವವನು ನಾನು. ಮೂಲಭೂತ ಹಕ್ಕುಗಳನ್ನು ಗಡಗಡನೆ ಒಪ್ಪಿಸುವ ಹುಡುಗನೇ “ರಾಜಕೀಯದ ಮಾತು ಬೇಡ ಬಿಡಿ ಸಾರ್, ಎಲ್ಲಾ ಕಳ್ಳರೇ” ಅನ್ನುತ್ತಾನೆ. 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು ಎಂದು ಒಂದು ಅಂಕಕ್ಕೆ ತಪ್ಪಿಲ್ಲದೆ ಬರೆಯುತ್ತಾರೆ. ನಿಮಗೆ ಹದಿನೆಂಟಾದಾಗ ಏನು ಮಾಡ್ತೀರಿ ಅಂದರೆ ಮುಖ ಮುಖ ನೋಡಿಕೊಂಡು ನಗುತ್ತಾರೆ. ಈಗಿನ ಮಕ್ಕಳಿಗೆ ಆಸಕ್ತಿಯೇ ಇಲ್ಲ ಎಂಬುದು ನಮ್ಮ ಸ್ಟಾಫ್ ರೂಮಿನ ತೀರ್ಪು. ನನಗೆ ಹಾಗನ್ನಿಸಲಿಲ್ಲ. ಆಸಕ್ತಿ ಇಲ್ಲದವರು ಅಷ್ಟು ಸಿಟ್ಟಿನಿಂದ ಬೈಯುವುದಿಲ್ಲ.

ಈ ತಾತ್ಸಾರದಲ್ಲಿ ಶಾಲೆಯ ಪಾಲೂ ಇದೆ. ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಸುತ್ತೇವೆ. ನಾಮಪತ್ರ, ಪ್ರಚಾರ, ಮೊಬೈಲಿನಲ್ಲಿ ಮತಯಂತ್ರ, ಬೆರಳಿಗೆ ಶಾಯಿ, ಪ್ರಮಾಣವಚನ, ಫೋಟೋ. ಮರುದಿನದಿಂದ ಪ್ರಧಾನಮಂತ್ರಿಗೆ ಪ್ರಾರ್ಥನೆಯ ಸಾಲು ನೆಟ್ಟಗೆ ನಿಲ್ಲಿಸುವ ಕೆಲಸ. ಗೆದ್ದವರಿಗೆ ಯಾವ ಅಧಿಕಾರವೂ ಇರುವುದಿಲ್ಲ, ವೋಟು ಹಾಕಿದ್ದರಿಂದ ಏನೂ ಬದಲಾಗುವುದಿಲ್ಲ ಎಂಬುದನ್ನು ನಾವೇ ವರ್ಷಾವರ್ಷ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಿದ್ದೆವು. ಈಗ ಗ್ರಂಥಾಲಯದ ಅವಧಿ ಯಾವ ದಿನ, ಆಟದ ಸಾಮಾನು ಯಾವುದು ಮೊದಲು ತರಬೇಕು ಎಂಬೆರಡನ್ನು ಸಂಸತ್ತಿಗೇ ಬಿಟ್ಟಿದ್ದೇವೆ. ಸಣ್ಣ ವಿಷಯವೇ, ಆದರೆ ಜಗಳ ಮಾತ್ರ ಅಸಲಿ.

ನಿಜವಾದ ಪಾಠ ಆರಂಭವಾಗಿದ್ದು ಬೀದಿದೀಪದಿಂದ. ಹತ್ತನೇ ತರಗತಿಯವರಿಗೆ ಸಂಜೆ ವಿಶೇಷ ತರಗತಿ ಇರುತ್ತದೆ. ಮುಗಿಸಿ ಹೊರಟರೆ ಬಸ್ ನಿಲ್ದಾಣದವರೆಗೂ ಕತ್ತಲೆ. ಹೆಣ್ಣುಮಕ್ಕಳ ಮನೆಯವರು ಕಳಿಸಲು ಹಿಂದೆಮುಂದೆ ನೋಡತೊಡಗಿದರು. “ಮೆಂಬರು ದುಡ್ಡು ತಿಂದಿದಾರೆ” ಎಂದು ತರಗತಿ ಒಕ್ಕೊರಲಿನಿಂದ ಹೇಳಿತು. ಯಾವ ದುಡ್ಡು, ಎಷ್ಟು, ಎಲ್ಲಿಂದ ಬಂದದ್ದು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳೋಣ ಎಂದೆ.

ಮಾಹಿತಿ ಹಕ್ಕು ಅರ್ಜಿ ಹಾಕಬಹುದಿತ್ತು. ಹತ್ತು ರೂಪಾಯಿ ಶುಲ್ಕ, ಯಾಕೆ ಬೇಕು ಎಂದು ಹೇಳಬೇಕಾಗಿಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ಊರೊಳಗೆ ಅರ್ಜಿ ಎಂದರೆ ದೂರು ಎಂದೇ ಅರ್ಥ, ಮಕ್ಕಳ ಅಪ್ಪಂದಿರನ್ನು ಕರೆದು ಕೇಳುತ್ತಾರೆ. ಅದಕ್ಕೇ ಮೊದಲು ಇ-ಗ್ರಾಮ್ ಸ್ವರಾಜ್ ಜಾಲತಾಣ ತೆರೆದು ಪಂಚಾಯ್ತಿಯ ಯೋಜನೆಯನ್ನು ಓದಿದೆವು. ಆಮೇಲೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮೇಡಂ ಅವರನ್ನು ತರಗತಿಗೇ ಕರೆದೆವು. ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆ, ಕಡತ ಹಿಡಿದುಕೊಂಡೇ ಬಂದರು.

ಮೇಡಂ ಕರಿಹಲಗೆಯ ಮೇಲೆ ಎರಡು ಸಂಖ್ಯೆ ಬರೆದರು: 60, 40. ಹದಿನೈದನೇ ಹಣಕಾಸು ಆಯೋಗದ ಶಿಫಾರಸಿನಂತೆ ಪಂಚಾಯ್ತಿಗೆ ಆಗ ಬರುತ್ತಿದ್ದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಬೇರೆ ಕಡೆ ಮುಟ್ಟುವಂತಿರಲಿಲ್ಲ. ಉಳಿದ 40ರಲ್ಲಿ ದೀಪವೂ ಬರಬೇಕಿತ್ತು, ಓಣಿಯೂ ಆಗಬೇಕಿತ್ತು. ಮಕ್ಕಳು ಅಷ್ಟು ನಿಶ್ಶಬ್ದವಾಗಿ ಲೆಕ್ಕ ಕೇಳಿದ್ದನ್ನು ನಾನು ನೋಡಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದು, ಹಾಗಾದರೆ ಆ 40ರಲ್ಲಿ ಹೋದ ವರ್ಷ ಏನು ಮಾಡಿದಿರಿ ಎಂದಳು. ಒಂದು ಕಾಂಕ್ರೀಟ್ ಓಣಿ. ಆ ಓಣಿಯಲ್ಲಿ ಯಾರ ಮನೆ ಇದೆ ಎಂದು ಮತ್ತೆ ಕೇಳಿದಳು. ಮೇಡಂ ನಕ್ಕರು. “ಯಾರ ಮನೆಯಾದ್ರೂ ಇರಲಮ್ಮ, ವಾರ್ಡ್ ಸಭೆಯಲ್ಲಿ ಒಪ್ಪಿಗೆ ಆಗಿದೆ. ನಿಮ್ಮ ಬೀದಿಯವರೂ ಸಹಿ ಹಾಕಿದಾರೆ, ನೋಡು” ಎಂದು ಹಾಜರಿ ಪುಸ್ತಕ ಕೊಟ್ಟರು. ಅದರಲ್ಲಿ ಅವಳ ಅಮ್ಮನ ಸಹಿಯೇ ಇತ್ತು. ಸಂಜೆ ಮನೆಗೆ ಹೋಗಿ ಕೇಳಿದ್ದಾಳೆ. ಸಭೆಗೆಲ್ಲ ಯಾರು ಹೋಗ್ತಾರೆ, ಪುಸ್ತಕ ಮನೆಗೇ ತಂದಿದ್ದರು, ಹಾಕಿ ಕಳಿಸಿದೆ ಎಂದರಂತೆ ಅಮ್ಮ.

ಮರುದಿನದ ತರಗತಿಯಲ್ಲಿ “ಎಲ್ಲಾ ಕಳ್ಳರೇ” ಎಂಬ ಮಾತು ಬರಲಿಲ್ಲ. ಸಹಿ ಮಾಡಿಸಿಕೊಂಡವರದು ತಪ್ಪೋ, ಓದದೆ ಹಾಕಿದವರದೋ ಎಂದು ವಾದ ಹತ್ತಿತು. ನನಗೆ ಬೇಕಾಗಿದ್ದೂ ಇಷ್ಟೇ. ರಾಜಕೀಯದ ಮೇಲೆ ಮಕ್ಕಳಿಗೆ ಗೌರವ ಹುಟ್ಟಿಸುವ ಗುತ್ತಿಗೆ ನಾನು ಹಿಡಿದಿಲ್ಲ. ಅವರ ಸಿಟ್ಟಿಗೆ ಒಂದು ವಿಳಾಸ ಸಿಕ್ಕರೆ ಸಾಕು. ಆಮೇಲೆ ಪಂಚಾಯ್ತಿ ಮಕ್ಕಳ ಮಾತು ಕೇಳಲೆಂದು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಸ್ವಾಗತ ಭಾಷಣ ಮುಗಿಯುತ್ತಿದ್ದಂತೆ ನಮ್ಮ ತರಗತಿಯವರು ಎದ್ದು, ಹೋದ ವರ್ಷದ ನಡಾವಳಿ ಓದಿ ಎಂದರು. ವೇದಿಕೆಯ ಮೇಲಿದ್ದವರು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ದೀಪ ಬಂತು, ಅರ್ಧ ದಾರಿಗೆ.

ಪಕ್ಷ ರಾಜಕೀಯ ಇದಕ್ಕಿಂತ ಕಷ್ಟ. ಸರ್ಕಾರಿ ನೌಕರನಾದ ನನಗೆ ನಡತೆ ನಿಯಮಗಳ ಬೇಲಿ ಇದೆ, ಇರಬೇಕಾದದ್ದೇ. ಹಾಗೆಂದು ಬಾಯಿ ಕಟ್ಟಿಕೊಂಡು ಕೂತರೆ ಆ ಜಾಗವನ್ನು ವಾಟ್ಸ್ಆ್ಯಪ್ ತುಂಬುತ್ತದೆ. ನಾನು ಯಾರಿಗೆ ಮತ ಹಾಕಿದೆ ಎಂದು ಹೇಳುವುದಿಲ್ಲ, ನೀವೂ ನನ್ನನ್ನು ಕೇಳಬಾರದು ಎಂದು ಮೊದಲೇ ತಿಳಿಸಿದ್ದೇನೆ. ಇನ್ನೊಬ್ಬನ ಮಾತನ್ನು ಖಂಡಿಸುವ ಮೊದಲು, ಅವನೇ “ಹೌದು, ನಾನು ಹೇಳಿದ್ದು ಇದೇ” ಎಂದು ಒಪ್ಪುವ ಹಾಗೆ ಅದನ್ನು ಹೇಳಿ ತೋರಿಸಬೇಕು. ಈ ಎರಡನೇ ಷರತ್ತಿನಿಂದಲೇ ಅರ್ಧ ಜಗಳ ತಣ್ಣಗಾಗುತ್ತದೆ.

ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರ (ಅಫಿಡವಿಟ್) ಓದಿಸುವುದು ನನಗೆ ಬಹಳ ಹಿಡಿಸಿದ ಅಭ್ಯಾಸ. ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ಅಭ್ಯರ್ಥಿ ಬಹಿರಂಗಪಡಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಬೇರೆ ಬೇರೆ ಪಕ್ಷದವರ ಪ್ರತಿಗಳನ್ನು ಹೆಸರು, ಚಿಹ್ನೆ ಮುಚ್ಚಿ ಹಂಚುತ್ತೇನೆ. ಒಬ್ಬ ಹುಡುಗ ಪ್ರಕರಣಗಳ ಪಟ್ಟಿ ನೋಡಿದವನೇ “ಇವನು ರೌಡಿ ಸಾರ್” ಎಂದ. ಪಕ್ಕದವಳು, ನಮ್ಮಪ್ಪನ ಮೇಲೂ ಕೇಸಿದೆ, ನೀರಿಗೋಸ್ಕರ ರಸ್ತೆ ತಡೆ ಮಾಡಿದ್ದಕ್ಕೆ ಎಂದಳು. ಎಫ್‌ಐಆರ್ ಅಂದರೇನು, ಆರೋಪಪಟ್ಟಿ ಅಂದರೇನು, ಶಿಕ್ಷೆ ಅಂದರೇನು ಎಂದು ಆ ದಿನ ಬಿಡಿಸಿ ಹೇಳಿದ್ದು ಪಠ್ಯದ ಯಾವ ಘಟಕದಲ್ಲೂ ಇಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

ಸಿಲಬಸ್ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಮುಗಿಯುತ್ತದೆ, ಸ್ವಲ್ಪ ಓಡಬೇಕು ಅಷ್ಟೆ.

ಆಸ್ಟ್ರಿಯಾದಲ್ಲಿ 2007ರಿಂದ ಹದಿನಾರಕ್ಕೇ ಮತದಾನದ ಹಕ್ಕಿದೆ, ನಮ್ಮಲ್ಲೂ ಬೇಕೇ ಎಂಬ ಚರ್ಚೆಯನ್ನು ಈಚೆಗೆ ಇಟ್ಟಿದ್ದೆ. ಎಲ್ಲರೂ ಕೈ ಎತ್ತುತ್ತಾರೆ ಅಂದುಕೊಂಡರೆ ಹೆಚ್ಚಿನವರು ಬೇಡ ಎಂದರು. ಮನೆಯಲ್ಲಿ ಅಪ್ಪ ಹೇಳಿದವರಿಗೇ ಹಾಕಬೇಕಾಗುತ್ತೆ ಸಾರ್, ಒಂದು ಮನೆಗೆ ಒಂದು ವೋಟು ಜಾಸ್ತಿ ಕೊಟ್ಟ ಹಾಗಾಗುತ್ತೆ ಅಷ್ಟೇ ಎಂಬುದು ಅವರ ವಾದ. ಹದಿನೆಂಟಾದ ಮೇಲೂ ಅಪ್ಪ ಹಾಗೇ ಹೇಳಿದರೆ ಏನು ಮಾಡುವುದು ಎಂದು ಒಬ್ಬಳು ಕೇಳಿದಳು. ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣುತ್ತದೆ, ನಿನಗೆ ಮಾತ್ರ, ಆಮೇಲೆ ಪೆಟ್ಟಿಗೆಯೊಳಗೆ ಬೀಳುತ್ತದೆ ಎಂದೆ. “ಅಪ್ಪನಿಗೆ ಗೊತ್ತೇ ಆಗಲ್ವಾ?” ಎಂದು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಳು. ಮುಂದಿನ ವರ್ಷ ಚುನಾವಣೆಯ ಪಾಠವನ್ನು ಗುಪ್ತ ಮತದಾನದಿಂದಲೇ ಶುರು ಮಾಡುತ್ತೇನೆ.